ಮಾತಿನ ಆಟಗಳು ಬದುಕಿ ಉಳಿದ ಬಗೆ: ಹಳೆಯ ಪಠ್ಯಸಾಹಸಗಳೂ ಕೊಲ್ಲಿ ಕನ್ನಡದ ಕಡತಗಳೂ

(ಯುಎಇ ಕನ್ನಡಿಗರ ಸಾಹಿತ್ಯ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಆಟ ಎಂದೊಡನೆ ಇಂದು ಕಣ್ಣ ಮುಂದೆ ಬರುವುದು ಚಿತ್ರ, ಬಣ್ಣ ಮತ್ತು ವೇಗ. ಆದರೆ ಚಿತ್ರವೇ ಇಲ್ಲದ, ಬರಿಯ ಮಾತಿನಿಂದ ಕಟ್ಟಿದ ಆಟಗಳ ಒಂದು ಕಾಲವಿತ್ತು. ಪರದೆಯ ಮೇಲೆ ಒಂದು ಕಂಡಿಕೆ ಮೂಡುತ್ತದೆ. ಆಟಗಾರ ಎಲ್ಲಿ ನಿಂತಿದ್ದಾನೆ, ಸುತ್ತ ಏನೇನಿದೆ, ದಾರಿ ಯಾವ ಕಡೆಗಿದೆ ಎಂಬುದನ್ನು ಅದು ಹೇಳುತ್ತದೆ. ಕೆಳಗೆ ಖಾಲಿ ಸಾಲು. ಅಲ್ಲಿ 'ಉತ್ತರಕ್ಕೆ ಹೋಗು' ಎಂದೋ 'ದೀಪ ಹಚ್ಚು' ಎಂದೋ ಬರೆಯಬೇಕು. ಯಂತ್ರವು ಆ ಮಾತನ್ನು ಓದಿ ಕತೆಯನ್ನು ಮುಂದುವರಿಸುತ್ತದೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಟೆಕ್ಸ್ಟ್ ಅಡ್ವೆಂಚರ್ ಎಂದು ಕರೆಯಲಾಗುವ ಈ ಆಟಗಳನ್ನು ಕನ್ನಡದಲ್ಲಿ ಪಠ್ಯಸಾಹಸ ಎನ್ನಬಹುದು.

ಈ ಆಟಗಳಲ್ಲಿ ಮೊದಲನೆಯದಕ್ಕೆ ಈಗ ಐವತ್ತು ವರ್ಷ. ಅದು ಹುಟ್ಟಿದ ಯಂತ್ರಗಳು ವಸ್ತುಸಂಗ್ರಹಾಲಯ ಸೇರಿವೆ. ಆಟ ಮಾತ್ರ ಇಂದು ದುಬೈ ಮೆಟ್ರೋದಲ್ಲಿ ಕುಳಿತವರ ಮೊಬೈಲಿನಲ್ಲೂ ನಡೆಯುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಇಪ್ಪತ್ತು ವರ್ಷಗಳ ಹಿಂದೆ ಇದೇ ನೆಲದಲ್ಲಿ ಕನ್ನಡಿಗರು ಹೊರತಂದ ಒಂದು ಸ್ಮರಣ ಸಂಚಿಕೆಯ ಕಡತವನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳ ಗೋಜಲು ಕಾಣುತ್ತದೆ. ಎಷ್ಟೋ ಸಲ ಕಡತ ತೆರೆದುಕೊಳ್ಳುವುದೇ ಇಲ್ಲ. ಐವತ್ತು ವರ್ಷದ ಆಟ ಮಾತನಾಡುತ್ತಿದೆ, ಇಪ್ಪತ್ತು ವರ್ಷದ ಸಾಹಿತ್ಯ ಮೂಕವಾಗಿದೆ. ಏಕೆ ಹೀಗಾಯಿತು ಎಂಬುದೇ ಈ ಉಪನ್ಯಾಸದ ವಸ್ತು.

ಗುಹೆ, ಮತ್ತು ಗುಹೆಯನ್ನು ಅಳೆದವರು

ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿದ್ದ ಬಿಬಿಎನ್ ಎಂಬ ಸಂಸ್ಥೆಯಲ್ಲಿ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಇದ್ದರು. ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಜಾಲವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅವರೂ ಅವರ ಪತ್ನಿ ಪೆಟ್ರೀಶಿಯಾ ಕ್ರೌಥರ್ ಅವರೂ ಗುಹಾನ್ವೇಷಕರು. ಕೆಂಟಕಿಯ ಮ್ಯಾಮತ್ ಗುಹೆಯೂ ಫ್ಲಿಂಟ್ ರಿಜ್ ಗುಹಾಜಾಲವೂ ಒಳಗೊಳಗೇ ಕೂಡಿಕೊಂಡಿವೆ ಎಂಬುದು 1972ರ ಸೆಪ್ಟೆಂಬರ್ 9ರಂದು ಖಚಿತವಾಯಿತು. ಅಂದು ಆ ದಾರಿಯನ್ನು ದಾಟಿದ ತಂಡದಲ್ಲಿ ಪೆಟ್ರೀಶಿಯಾ ಇದ್ದರು. ಮುಂದೆ ಈ ದಂಪತಿ ಬೇರೆಯಾದರು. ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಆಡಲು ಏನಾದರೂ ಬೇಕೆಂದು ಕ್ರೌಥರ್ 1975-76ರ ವೇಳೆಗೆ ಪಿಡಿಪಿ-10 ಯಂತ್ರದ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಗುಹೆಯ ಆಟವನ್ನು ಬರೆದರು. ಅದೇ 'ಅಡ್ವೆಂಚರ್', ಅಥವಾ 'ಕೊಲೋಸಲ್ ಕೇವ್'. ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಡಾನ್ ವುಡ್ಸ್ ಅದನ್ನು ಕಂಡು, ಕ್ರೌಥರ್ ಅವರ ಒಪ್ಪಿಗೆ ಪಡೆದು, 1977ರಲ್ಲಿ ಬಹಳವಾಗಿ ವಿಸ್ತರಿಸಿದರು. ಆಟ ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಡಿತು.

ಆಟದಲ್ಲಿ ಮಾಟಮಂತ್ರವಿದೆ, ಕೊಡಲಿ ಎಸೆಯುವ ಕುಬ್ಜರಿದ್ದಾರೆ. ಆದರೆ ಗುಹೆ ಮಾತ್ರ ನಿಜವಾದದ್ದು. ಆ ಪ್ರದೇಶದ ಗುಹೆಗಳ ಚರಿತ್ರೆಯಲ್ಲಿ ಇನ್ನೊಬ್ಬರ ಹೆಸರನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಮತ್ ಗುಹೆಯ ಮೈಲಿಗಟ್ಟಲೆ ದಾರಿಯನ್ನು ಶೋಧಿಸಿ, 1842ರಲ್ಲಿ ನೆನಪಿನಿಂದಲೇ ಅದರ ನಕ್ಷೆ ಬರೆದವನು ಸ್ಟೀಫನ್ ಬಿಷಪ್. ಅವನು ಗುಲಾಮ. ಅವನನ್ನೂ ಅವನು ದಾರಿ ತೋರಿಸುತ್ತಿದ್ದ ಗುಹೆಯನ್ನೂ ಕೊಂಡುಕೊಂಡವನು ಒಬ್ಬನೇ ಯಜಮಾನ. 1856ರಲ್ಲಿ ಬಿಡುಗಡೆ ದೊರೆತ ಮರುವರ್ಷವೇ ಬಿಷಪ್ ತೀರಿಕೊಂಡ. ಮೊದಲ ಪಠ್ಯಸಾಹಸದ ಹಿಂದೆ ಒಬ್ಬ ಗುಲಾಮನ ನಕ್ಷೆಯಿಂದ ಆರಂಭವಾದ, ಒಬ್ಬ ಮಹಿಳೆ ಇಕ್ಕಟ್ಟಿನ ಸಂದಿಯಲ್ಲಿ ತೆವಳಿ ಮುಂದುವರಿಸಿದ ಅನ್ವೇಷಣೆಯ ಪರಂಪರೆ ಇದೆ. ತಂತ್ರಜ್ಞಾನದ ಚರಿತ್ರೆ ಸಾಮಾನ್ಯವಾಗಿ ಇಂಥವರನ್ನು ಅಡಿಟಿಪ್ಪಣಿಗೆ ತಳ್ಳುತ್ತದೆ.

ಕ್ರೌಥರ್ ಬರೆದ ಮೊದಲ ರೂಪ ಬಹುಕಾಲ ಕಳೆದುಹೋಗಿದೆ ಎಂದೇ ನಂಬಲಾಗಿತ್ತು. ಉಳಿದಿದ್ದುದು ವುಡ್ಸ್ ವಿಸ್ತರಿಸಿದ ರೂಪ ಮತ್ತು ಅದರ ಮಕ್ಕಳು, ಮೊಮ್ಮಕ್ಕಳು. ವುಡ್ಸ್ ವಿದ್ಯಾರ್ಥಿಯಾಗಿದ್ದಾಗ ಬಳಸುತ್ತಿದ್ದ ಸ್ಟ್ಯಾನ್‌ಫರ್ಡ್ ಖಾತೆಯ ಹಳೆಯ ಬ್ಯಾಕಪ್ಪಿನಲ್ಲಿ 2005ರಲ್ಲಿ ಆ ಮೂಲ ಸಿಕ್ಕಿತು. ಡೆನ್ನಿಸ್ ಜೆರ್ಜ್ ಎಂಬ ವಿದ್ವಾಂಸರು ಅದನ್ನು ಓದಿ, ಕೆಂಟಕಿಯ ನಿಜ ಗುಹೆಯೊಳಗೆ ಇಳಿದು ಹೋಲಿಸಿ, 2007ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ತಾಳೆಗರಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವ ಕನ್ನಡದ ಗ್ರಂಥಸಂಪಾದನೆಗೂ ಈ ಕೆಲಸಕ್ಕೂ ಸ್ವಭಾವದಲ್ಲಿ ಭೇದವಿಲ್ಲ. ಯಾರೋ ಅಳಿಸದೆ ಬಿಟ್ಟ ಒಂದು ಪ್ರತಿ, ಅದನ್ನು ಹುಡುಕುವ ಒಬ್ಬರು: ಇವೆರಡೂ ಕೂಡಿದಾಗ ಮಾತ್ರ ಮೂಲ ದೊರೆಯುತ್ತದೆ.

ದುಭಾಷಿಯ ಉಪಾಯ

ಪ್ರತಿ ಸಿಕ್ಕಿದರೆ ಸಾಲದು, ಅದು ನಡೆಯಬೇಕು. ಇಲ್ಲಿ ಎರಡನೆಯ ಆಟದ ಕತೆ ಬರುತ್ತದೆ. 1977ರಲ್ಲಿ ಎಂಐಟಿಯ ಟಿಮ್ ಆಂಡರ್ಸನ್, ಮಾರ್ಕ್ ಬ್ಲಾಂಕ್, ಬ್ರೂಸ್ ಡೇನಿಯಲ್ಸ್ ಮತ್ತು ಡೇವ್ ಲೆಬ್ಲಿಂಗ್ 'ಜೋರ್ಕ್' ಎಂಬ ಆಟವನ್ನು ಬರೆಯತೊಡಗಿದರು. 1979ರಲ್ಲಿ ಇನ್ಫೋಕಾಮ್ ಕಂಪನಿ ಹುಟ್ಟಿತು. ಆಗ ಮನೆಬಳಕೆಯ ಕಂಪ್ಯೂಟರುಗಳು ಹತ್ತಾರು ಬಗೆಯವು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ನಡೆಯದು. ಪ್ರತಿ ಯಂತ್ರಕ್ಕೂ ಪ್ರತಿ ಆಟವನ್ನೂ ಹೊಸದಾಗಿ ಬರೆಯುವುದು ಅಸಾಧ್ಯವಾಗಿತ್ತು. ಅದಕ್ಕೆ ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಒಂದು ಉಪಾಯ ಕಂಡುಕೊಂಡರು. ಎಲ್ಲಿಯೂ ಇಲ್ಲದ ಒಂದು ಯಂತ್ರವನ್ನು ಕಾಗದದ ಮೇಲೆ ಕಲ್ಪಿಸಿ, ಅದಕ್ಕೆ ಜೀ-ಮಷಿನ್ ಎಂದು ಹೆಸರಿಟ್ಟರು. ಆಟಗಳೆಲ್ಲವನ್ನೂ ಆ ಕಲ್ಪಿತ ಯಂತ್ರಕ್ಕಾಗಿ ಬರೆದರು. ನಿಜವಾದ ಪ್ರತಿ ಕಂಪ್ಯೂಟರಿಗೂ ಒಂದೊಂದು ಚಿಕ್ಕ ಪ್ರೋಗ್ರಾಮ್ ಮಾತ್ರ ಬೇಕಾಯಿತು. ಅದು ಕಲ್ಪಿತ ಯಂತ್ರದ ಮಾತನ್ನು ನಿಜ ಯಂತ್ರಕ್ಕೆ ಹೇಳುವ ಇಂಟರ್‌ಪ್ರಿಟರ್. ಕನ್ನಡದಲ್ಲಿ ಹೇಳುವುದಾದರೆ ದುಭಾಷಿ.

ದುಭಾಷಿಯ ಬೆಲೆಯನ್ನು ಕೊಲ್ಲಿಗೆ ದುಡಿಯಲು ಬಂದವರಿಗೆ ವಿವರಿಸಬೇಕಿಲ್ಲ. ಅರೇಬಿಕ್‌ನಲ್ಲಿರುವ ಕಾಗದಕ್ಕೆ ಸಹಿ ಹಾಕುವಾಗ ನಡುವೆ ನಿಂತು ಅರ್ಥ ಹೇಳುವವರು ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ಬದುಕೇ ನಿಂತಿರುತ್ತದೆ. ಇನ್ಫೋಕಾಮ್ ಆಟಗಳ ಆಯುಷ್ಯವೂ ಹಾಗೆಯೇ ನಿಂತಿತು. ಆ ಕಾಲದ ಆಪಲ್, ಟಿಆರ್‌ಎಸ್-80, ಕಮೊಡೋರ್ ಯಂತ್ರಗಳು ಹೋದವು. ಕತೆಯ ಕಡತಗಳು ಹಾಗೆಯೇ ಉಳಿದವು. ಹವ್ಯಾಸಿಗಳು ಕಡತಗಳ ಒಳರಚನೆಯನ್ನು ಬಿಡಿಸಿ, ಆ ಯಂತ್ರದ ನಿಯಮಗಳನ್ನು ಬರೆದಿಟ್ಟರು. 1993ರಲ್ಲಿ ಗ್ರಹಾಂ ನೆಲ್ಸನ್ 'ಇನ್‌ಫಾರ್ಮ್' ಎಂಬ ಭಾಷೆಯನ್ನು ರೂಪಿಸಿ, ಅದೇ ಯಂತ್ರಕ್ಕೆ ಹೊಸ ಆಟಗಳನ್ನು ಬರೆಯುವ ದಾರಿ ತೆರೆದರು. 1995ರಲ್ಲಿ ಸ್ಟೀಫನ್ ಯೋಕಿಶ್ ಬರೆದ 'ಫ್ರೋಟ್ಸ್' ಎಂಬ ದುಭಾಷಿ ಇಂದಿಗೂ ಲಿನಕ್ಸ್, ವಿಂಡೋಸ್, ಮೊಬೈಲುಗಳಲ್ಲಿ ಬಳಕೆಯಲ್ಲಿದೆ. 'ಪಾರ್ಚ್‌ಮೆಂಟ್' ಎಂಬುದು ಬ್ರೌಸರಿನಲ್ಲೇ ನಡೆಯುತ್ತದೆ. ಹೊಸ ಕಂಪ್ಯೂಟರ್ ಬಂದಾಗ ಮಾಡಬೇಕಾದುದು ಒಂದು ಕೆಲಸ: ದುಭಾಷಿಯನ್ನು ಅದಕ್ಕೆ ಒಗ್ಗಿಸುವುದು. ಒಡನೆಯೇ ಎಲ್ಲ ಆಟಗಳೂ ಒಟ್ಟಿಗೆ ಏಳುತ್ತವೆ.

ಇಂಥ ಉಪಾಯವಿಲ್ಲದೆ ನೇರವಾಗಿ ಒಂದೇ ಯಂತ್ರಕ್ಕೆ ಬರೆದ ಆಟಗಳಿಗೆ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಆಗ ಹಳೆಯ ಕಂಪ್ಯೂಟರನ್ನೇ ಹೊಸದರ ಒಳಗೆ ಅನುಕರಿಸಲಾಗುತ್ತದೆ. ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್ ಮಾಡುವುದು ಇದನ್ನೇ. ಮೊದಲನೆಯದು ಮಾತನ್ನು ಅನುವಾದಿಸಿದರೆ ಎರಡನೆಯದು ಇಡೀ ಊರನ್ನೇ ಮರುಕಟ್ಟುತ್ತದೆ. ಶ್ರಮ ಹೆಚ್ಚು, ಆದರೂ ಕೆಲಸ ನಡೆಯುತ್ತದೆ.

ಬೀಗ ಹಾಕಿದವರು, ಕೀಲಿ ಕಾದವರು

ತಂತ್ರ ಸರಿಯಿದ್ದರೂ ಒಡೆತನದ ಪ್ರಶ್ನೆ ಉಳಿಯುತ್ತದೆ. ಇನ್ಫೋಕಾಮನ್ನು 1986ರಲ್ಲಿ ಆಕ್ಟಿವಿಷನ್ ಕೊಂಡುಕೊಂಡಿತು. 1989ರಲ್ಲಿ ಅದರ ಕಚೇರಿ ಮುಚ್ಚಿತು. ಆಟಗಳ ಮೂಲ ಕೋಡ್ ಕಾನೂನಿನ ಕಣ್ಣಿನಲ್ಲಿ ಕಂಪನಿಯ ಸೊತ್ತಾಗಿ ಉಳಿಯಿತು. ಸೊತ್ತಾಗಿದ್ದಷ್ಟು ಕಾಲ ಅದನ್ನು ಕಾದವರು ಒಡೆಯರಲ್ಲ, ಅಭಿಮಾನಿಗಳು. ಆರ್ಕೈವಿಸ್ಟ್ ಜೇಸನ್ ಸ್ಕಾಟ್ 2019ರಲ್ಲಿ ಇನ್ಫೋಕಾಮ್ ಆಟಗಳ ಮೂಲ ಕೋಡನ್ನು ಎಲ್ಲರಿಗೂ ಕಾಣುವಂತೆ ಇರಿಸಿದರು. ಅದಕ್ಕೆ ಮುಕ್ತ ಪರವಾನಗಿ ಇರಲಿಲ್ಲ. ಆಕ್ಟಿವಿಷನ್ ಸಂಸ್ಥೆ 2023ರಲ್ಲಿ ಮೈಕ್ರೋಸಾಫ್ಟ್ ಕೈ ಸೇರಿತು. 2025ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಜೋರ್ಕ್‌ನ ಮೂರು ಭಾಗಗಳ ಕೋಡನ್ನು ಎಂಐಟಿ ಪರವಾನಗಿಯಡಿ ಬಿಡುಗಡೆ ಮಾಡಿತು. ಇದಕ್ಕೆ ಮುನ್ನವೇ, 2017ರಲ್ಲಿ, ಕ್ರೌಥರ್ ಮತ್ತು ವುಡ್ಸ್ ಅವರ ಒಪ್ಪಿಗೆಯೊಂದಿಗೆ ಎರಿಕ್ ರೇಮಂಡ್ ಅವರು 'ಅಡ್ವೆಂಚರ್' ಆಟದ ಒಂದು ರೂಪವನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿದ್ದರು.

ಈ ವರ್ಷಗಳನ್ನು ಸಾಲಾಗಿ ನೋಡಿದರೆ ಒಂದು ವಿಷಯ ಸ್ಪಷ್ಟ. ಸಂಸ್ಕೃತಿಯ ಒಂದು ವಸ್ತುವಿಗೆ ಕಾಗದದ ಮೇಲೆ ಒಡೆಯನಿದ್ದಾನೆ ಎಂದ ಮಾತ್ರಕ್ಕೆ ಅದಕ್ಕೆ ರಕ್ಷಕನಿದ್ದಾನೆ ಎಂದಲ್ಲ. ಮಾರುಕಟ್ಟೆಗೆ ಬೇಡವಾದಾಗ ಒಡೆಯ ಬೀಗ ಹಾಕಿ ಮರೆಯುತ್ತಾನೆ. ಬೀಗದ ಹೊರಗೆ ಕೂತು ಪ್ರತಿಗಳನ್ನು ಉಳಿಸಿಕೊಂಡ ಜನಸಮುದಾಯವೇ ಕಡೆಗೆ ಕೀಲಿ ಮರಳುವ ತನಕ ಅದನ್ನು ಬದುಕಿಸುತ್ತದೆ.

ಕೊಲ್ಲಿಯಲ್ಲೇ ಇರುವ ಉದಾಹರಣೆ

ಇದು ಅಮೆರಿಕದ ಕತೆ, ಇಂಗ್ಲಿಷಿನ ಕತೆ ಎಂದು ಬದಿಗಿಡುವಂತಿಲ್ಲ. ಇಂಗ್ಲಿಷ್ ಬಾರದ ಮಗುವಿನೊಡನೆ ಕಂಪ್ಯೂಟರ್ ಮಾತನಾಡಬೇಕು ಎಂಬ ಹಟ ಕೊಲ್ಲಿಯಲ್ಲೇ ಕಾಣಿಸಿಕೊಂಡಿತ್ತು. ಕುವೈತಿನ ಮೊಹಮ್ಮದ್ ಅಲ್ ಶಾರೆಖ್ 1982ರಲ್ಲಿ ಕಟ್ಟಿದ ಕಂಪನಿ 'ಸಖ್ರ್' ಎಂಬ ಹೆಸರಿನ ಕಂಪ್ಯೂಟರುಗಳನ್ನು ಅರಬ್ ದೇಶಗಳ ಮನೆಗಳಿಗೆ ತಂದಿತು. ಜಪಾನಿನಲ್ಲಿ ಬಳಕೆಯಲ್ಲಿದ್ದ ಎಂಎಸ್‌ಎಕ್ಸ್ ಎಂಬ ಮಾದರಿಯ ಯಂತ್ರವದು. ಅದಕ್ಕೆ ಅರೇಬಿಕ್ ಕಲಿಸಲಾಗಿತ್ತು. ಅರೇಬಿಕ್ ಬಲದಿಂದ ಎಡಕ್ಕೆ ಸಾಗುತ್ತದೆ. ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಅಕ್ಷರದ ರೂಪ ಬದಲಾಗುತ್ತದೆ. ಒಂದು ಕೀಲಿಗೆ ಒಂದು ಆಕಾರ ಎಂಬ ಲೆಕ್ಕ ಅಲ್ಲಿ ನಡೆಯದು, ಒತ್ತಕ್ಷರವಿರುವ ಕನ್ನಡದಲ್ಲೂ ನಡೆಯದು. ಆದರೂ ಆ ಎಂಟು ಬಿಟ್ಟಿನ ಯಂತ್ರದಲ್ಲಿ ಅರಬ್ ಮಕ್ಕಳು ತಮ್ಮ ಭಾಷೆಯಲ್ಲೇ ಪ್ರೋಗ್ರಾಮ್ ಬರೆಯುವುದು ಸಾಧ್ಯವಾಯಿತು. ಇಂದು ಆ ಯಂತ್ರಗಳು ಸಂಗ್ರಾಹಕರ ಬಳಿ ಉಳಿದಿವೆ. ಓಪನ್‌ಎಂಎಸ್‌ಎಕ್ಸ್‌ನಂತಹ ಅನುಕರಣ ತಂತ್ರಾಂಶಗಳಲ್ಲಿ ಅವನ್ನು ಮತ್ತೆ ನಡೆಸಬಹುದು.

ಅಲ್ ಶಾರೆಖ್ ಅವರ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಅರೇಬಿಕ್ ಸಾಹಿತ್ಯಿಕ, ಸಾಂಸ್ಕೃತಿಕ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಅವರ ಹೆಸರಿನ ಸಂಗ್ರಹ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಭಾಷೆಯನ್ನು ಯಂತ್ರಕ್ಕೆ ಕಲಿಸಿದವರೇ ಭಾಷೆಯ ಹಳೆಯ ಪುಟಗಳನ್ನೂ ಯಂತ್ರಕ್ಕೆ ಒಪ್ಪಿಸಿದರು. ಒಂದೇ ಕೆಲಸದ ಎರಡು ಮುಖಗಳಿವು.

ಕನ್ನಡದಲ್ಲೂ ಇಂಥ ಹಟ ಇತ್ತು. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದಿನ ಕನ್ನಡ ಬೆರಳಚ್ಚಿಗೆ ಆಧಾರ. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದು ಓದುಗರಿಗೆ ತಿಳಿದಿದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಮಕ್ಕಳಿಗಾಗಿ ರೂಪಿಸಿದ 'ಲೋಗೋ' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಯು.ಬಿ. ಪವನಜ ಕನ್ನಡಕ್ಕೆ ತಂದರು. ಮೂಲ ಲೋಗೋ 1967ರಲ್ಲಿ ರೂಪುಗೊಂಡದ್ದು ಬಿಬಿಎನ್‌ನಲ್ಲಿ, ಅಂದರೆ ಕ್ರೌಥರ್ ಗುಹೆಯ ಆಟ ಬರೆದ ಅದೇ ಸಂಸ್ಥೆಯಲ್ಲಿ. ಕನ್ನಡದ ಮಗು ಕನ್ನಡದಲ್ಲೇ ಆಜ್ಞೆ ಕೊಟ್ಟರೆ ಯಂತ್ರ ಕೇಳಬಲ್ಲದು ಎಂಬುದು ಹೀಗೆ ಹಿಂದೆಯೇ ಸಾಬೀತಾಗಿದೆ.

ಮೂಕವಾದ ಕಡತಗಳು

ಹಾಗಿದ್ದರೂ ಕನ್ನಡದ ಕಡತಗಳೇಕೆ ಮೂಕವಾದವು? ಕಾರಣ ಸರಳ. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ರಾಷ್ಟ್ರೀಯ ಮಾನಕ 1991ರಲ್ಲೇ ಇತ್ತು. ಅದೇ ವರ್ಷ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗವಿತ್ತು. ಆದರೆ ಅಚ್ಚುಮನೆಗಳು, ಕಚೇರಿಗಳು ಹಿಡಿದದ್ದು ಬೇರೆ ಹಾದಿ. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ ಫಾಂಟುಗಳನ್ನು ಅವು ಬಳಸಿದವು. ಶ್ರೀಲಿಪಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಹೀಗೆಯೇ ಕನ್ನಡವನ್ನು ಪರದೆಗೆ ತಂದವು. ಅವು ಮಾಡಿದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ಆ ಕಾಲದ ಕನ್ನಡ ಪುಸ್ತಕಗಳು ಆ ವೇಗದಲ್ಲಿ ಬರುತ್ತಿರಲಿಲ್ಲ. ಆದರೆ ಅಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡದ ವೇಷ. ಫಾಂಟು ಇರುವ ತನಕ ವೇಷ ನಿಲ್ಲುತ್ತದೆ. ಫಾಂಟು ಹೋದರೆ ವೇಷ ಕಳಚುತ್ತದೆ.

ಇದರ ಮೇಲೆ ಪೇಜ್‌ಮೇಕರ್‌ನ ತೊಡಕು. ಆ ಕಾಲದ ಸ್ಮರಣ ಸಂಚಿಕೆಗಳು, ಕವನ ಸಂಕಲನಗಳು ಹೆಚ್ಚಾಗಿ ಅದರಲ್ಲೇ ಪುಟವಿನ್ಯಾಸಗೊಂಡವು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ತನ್ನ ಸಿಎಸ್6 ಆವೃತ್ತಿಯ ತನಕ ಮಾತ್ರ ಆ ಕಡತಗಳನ್ನು ತೆರೆಯುತ್ತಿತ್ತು. ಅಂದರೆ ಕನ್ನಡ ಬರಹವು ಎರಡು ಬೀಗಗಳ ಒಳಗಿದೆ: ಒಂದು ಫಾಂಟಿನದು, ಇನ್ನೊಂದು ಕಂಪನಿಯದು. ಇನ್ಫೋಕಾಮಿನ ಕತೆಗೆ ಇದ್ದ ದುಭಾಷಿ ಈ ಬರಹಕ್ಕೆ ಇರಲಿಲ್ಲ.

ಕೊಲ್ಲಿಯಲ್ಲಿ ಮೂರನೆಯ ಬೀಗವೂ ಇದೆ. ಇಲ್ಲಿ ವಾಸದ ಹಕ್ಕು ಬಹುತೇಕರಿಗೆ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ, ನಿವೃತ್ತಿಯಾದರೆ, ಗಂಟುಮೂಟೆ ಕಟ್ಟಬೇಕು. ಅಬುಧಾಬಿ, ಶಾರ್ಜಾ, ದುಬೈಗಳ ಕನ್ನಡ ಸಂಘಗಳಲ್ಲಿ ದುಡಿದವರು ಹೀಗೆ ಒಬ್ಬೊಬ್ಬರಾಗಿ ಊರಿಗೆ ಮರಳಿದ್ದಾರೆ. ಅವರೊಡನೆ ಅವರ ಕಂಪ್ಯೂಟರುಗಳು, ಸಿಡಿಗಳು, ಹಳೆಯ ಹಾರ್ಡ್‌ಡಿಸ್ಕುಗಳೂ ಹೋಗಿವೆ. ಎಷ್ಟೋ ಇಲ್ಲಿಯೇ ಕಸದ ತೊಟ್ಟಿ ಸೇರಿವೆ. ಮನೆ ಖಾಲಿ ಮಾಡುವ ಆತುರದಲ್ಲಿ ಮೊದಲು ಬಿಸಾಡುವುದು ತೆರೆಯದ ಡಿಸ್ಕನ್ನೇ. ಪೀಳಿಗೆಗಳು ಒಂದೇ ಊರಿನಲ್ಲಿ ಬೇರೂರುವ ಅಮೆರಿಕದ ಕನ್ನಡಿಗರಿಗಿಂತ ಕೊಲ್ಲಿ ಕನ್ನಡಿಗರ ನೆನಪು ಹೆಚ್ಚು ನಾಜೂಕಿನದು. ಇಲ್ಲಿ ದುಡಿದವರ ಕವಿತೆ, ಕತೆ, ಪತ್ರ, ನಾಟಕದ ಪ್ರತಿಗಳು ಅಳಿದರೆ, ಅರ್ಧ ಶತಮಾನದ ವಲಸೆಯ ಬಗ್ಗೆ ಮುಂದೆ ಉಳಿಯುವುದು ಕಳುಹಿಸಿದ ಹಣದ ಲೆಕ್ಕ ಮಾತ್ರ.

ಹುಡುಕು ಯಂತ್ರಗಳಿಗೂ ಇಂದಿನ ಕೃತಕ ಬುದ್ಧಿಮತ್ತೆಗೂ ಈ ಕಡತಗಳು ಕನ್ನಡವೆಂದೇ ತೋರುವುದಿಲ್ಲ. ಕಾಣದ ಕನ್ನಡ ಇಲ್ಲದ ಕನ್ನಡಕ್ಕೆ ಸಮ.

ಯಾರ ಕನ್ನಡ ಯಂತ್ರಕ್ಕೆ ಅರ್ಥವಾಗಬೇಕು?

ಹಳೆಯದನ್ನು ಉಳಿಸುವುದರ ಜೊತೆಗೆ ಹೊಸದೊಂದನ್ನು ಕಟ್ಟುವ ಮಾತೂ ಬರಬೇಕು. ದುಬೈಯ ಕನ್ನಡ ಪಾಠಶಾಲೆಯಲ್ಲಿ ವಾರಾಂತ್ಯಗಳಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದಾರೆ, ಕಲಿಸುವವರು ಸ್ವಯಂಸೇವಕರು. ಕಲಿತ ಅಕ್ಷರವನ್ನು ಬಳಸಲು ಆ ಮಕ್ಕಳಿಗೆ ಒಂದು ಕಾರಣ ಬೇಕು. ಬರೆದ ವಾಕ್ಯದಿಂದ ಏನಾದರೂ ಆಗಬೇಕು. ಪಠ್ಯಸಾಹಸ ಕೊಡುವುದು ಅದನ್ನೇ. ಒಂದು ಚಿಕ್ಕ ಮಾದರಿ ಹೀಗಿರಬಹುದು:

ಬರ್ ದುಬೈಯ ಕಟ್ಟೆಯ ಮೇಲೆ ನಿಂತಿರುವೆ. ಎದುರಿಗೆ ಕ್ರೀಕ್‌ನ ನೀರು, ಅದರಾಚೆ ದೇರಾ. ಒಂದು ಅಬ್ರಾ ಹೊರಡಲು ಸಿದ್ಧವಾಗಿದೆ. ಅಂಬಿಗ ಕೈ ಚಾಚಿದ್ದಾನೆ. ನೆಲದ ಮೇಲೆ ಒಂದು ದಿರ್ಹಮ್ ನಾಣ್ಯ ಬಿದ್ದಿದೆ.

ಮಗು 'ನಾಣ್ಯ ತೆಗೆದುಕೋ' ಎಂದು ಬರೆಯಬೇಕು. ಆಮೇಲೆ 'ಅಂಬಿಗನಿಗೆ ನಾಣ್ಯ ಕೊಡು' ಎನ್ನಬೇಕು. ಇಲ್ಲಿ ಕನ್ನಡದ ಒಂದು ಅನುಕೂಲ ಎದ್ದು ಕಾಣುತ್ತದೆ. ಯಾರಿಗೆ, ಏನನ್ನು ಎಂಬುದನ್ನು ಇಂಗ್ಲಿಷ್ ಪದಗಳ ಕ್ರಮದಿಂದ ತಿಳಿಸುತ್ತದೆ. ಕನ್ನಡ ವಿಭಕ್ತಿಯಿಂದ ತಿಳಿಸುತ್ತದೆ. 'ನಾಣ್ಯವನ್ನು ಅಂಬಿಗನಿಗೆ ಕೊಡು' ಎಂದರೂ 'ಕೊಡು ಅಂಬಿಗನಿಗೆ ನಾಣ್ಯ' ಎಂದರೂ ಅರ್ಥ ಒಂದೇ. ವಿಭಕ್ತಿ ಪ್ರತ್ಯಯವನ್ನು ಗುರುತಿಸಲು ಕಲಿತ ಯಂತ್ರಕ್ಕೆ ಪದಗಳ ಕ್ರಮ ತೊಡಕಾಗದು.

ತೊಡಕುಗಳೂ ಇವೆ. ಪಿಡಿಪಿ-10 ಯಂತ್ರದ ಒಂದು ಮನೆಯಲ್ಲಿ 36 ಬಿಟ್‌ಗಳು. ಏಳು ಬಿಟ್ಟಿನ ಐದು ಅಕ್ಷರಗಳಷ್ಟೇ ಅದರಲ್ಲಿ ಹಿಡಿಸುತ್ತವೆ. ಅದಕ್ಕಾಗಿ 'ಅಡ್ವೆಂಚರ್' ಪ್ರತಿ ಪದದ ಮೊದಲ ಐದು ಅಕ್ಷರಗಳನ್ನು ಮಾತ್ರ ನೋಡುತ್ತಿತ್ತು. ಜೋರ್ಕ್ ಆರನ್ನು ನೋಡುತ್ತಿತ್ತು. ಕನ್ನಡದಲ್ಲಿ ಸ್ವರಚಿಹ್ನೆ, ವಿರಾಮಚಿಹ್ನೆಗಳೂ ಯೂನಿಕೋಡ್‌ನ ಒಂದೊಂದು ಸ್ಥಾನ ಪಡೆಯುತ್ತವೆ. 'ಪುಸ್ತಕ', 'ಪುಸ್ತಿಕೆ' ಎರಡರ ಮೊದಲ ಐದು ಸಂಕೇತಗಳು ಒಂದೇ. ಐದಕ್ಕೆ ಕತ್ತರಿಸಿದರೆ ಅವು ಬೇರೆಯಾಗಿ ಕಾಣುವುದಿಲ್ಲ. 'ಕತ್ತಿ', 'ಕತ್ತೆ', 'ಕತ್ತಲೆ' ಮೂರೂ ಬೇರೆಯಾಗುವುದು ಐದನೆಯ ಸಂಕೇತದಲ್ಲಿ. ಕತ್ತಲೆಯ ಗುಹೆಯಲ್ಲಿ ಕತ್ತಿ ಕೇಳಿದವನಿಗೆ ಕತ್ತೆ ಸಿಗುವುದು ಕೂದಲೆಳೆಯಲ್ಲಿ ತಪ್ಪುತ್ತದೆ! ಅದೃಷ್ಟಕ್ಕೆ ಆ ಇಕ್ಕಟ್ಟು ಇಂದಿಲ್ಲ. ಆಂಡ್ರ್ಯೂ ಪ್ಲಾಟ್ಕಿನ್ 1999ರಲ್ಲಿ ರೂಪಿಸಿದ 'ಗ್ಲುಲ್ಕ್ಸ್' ಎಂಬ ಕಲ್ಪಿತ ಯಂತ್ರ 32 ಬಿಟ್‌ನದು. ಅದರಲ್ಲಿ ಯೂನಿಕೋಡ್ ಅಕ್ಷರಗಳಿಗೆ ಜಾಗವಿದೆ, ಇನ್‌ಫಾರ್ಮ್ ಭಾಷೆಯಲ್ಲೇ ಅದಕ್ಕೆ ಆಟ ಬರೆಯಬಹುದು. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಭಾಷಿಕರು ಇನ್‌ಫಾರ್ಮ್‌ಗೆ ತಮ್ಮ ವ್ಯಾಕರಣವನ್ನು ಈಗಾಗಲೇ ಕಲಿಸಿದ್ದಾರೆ.

ತಂತ್ರದ ತೊಡಕಿಗಿಂತ ದೊಡ್ಡದು ನುಡಿಯ ನ್ಯಾಯದ ಪ್ರಶ್ನೆ. ಮಂಗಳೂರು ಕಡೆಯ ಮಗು 'ತೆಕ್ಕೋ' ಎಂದೀತು, ಧಾರವಾಡದ್ದು 'ತೊಗೋ' ಎಂದೀತು, ಮೈಸೂರಿನದು 'ತಗೋ' ಎಂದೀತು. ಕೊಲ್ಲಿ ಕನ್ನಡಿಗರ ಮನೆಮಾತಂತೂ ಅನೇಕ: ತುಳು, ಬ್ಯಾರಿ, ಕೊಂಕಣಿ, ನವಾಯತಿ, ಕೊಡವ, ಉರ್ದು. ಯಂತ್ರವು ಪಠ್ಯಪುಸ್ತಕದ 'ತೆಗೆದುಕೋ' ಒಂದನ್ನೇ ಒಪ್ಪಿ ಉಳಿದವಕ್ಕೆ 'ಅರ್ಥವಾಗಲಿಲ್ಲ' ಎಂದರೆ, ತನ್ನ ಮನೆಯ ಕನ್ನಡ ಕನ್ನಡವೇ ಅಲ್ಲ ಎಂದು ಮಗು ತಿಳಿಯುತ್ತದೆ. ತರಗತಿಯಲ್ಲಿ ಮೇಷ್ಟರು ನಕ್ಕಾಗ ಆಗುವ ಗಾಯವೇ ಇಲ್ಲಿಯೂ ಆಗುತ್ತದೆ. ಪಠ್ಯಸಾಹಸದಲ್ಲಿ ಇದಕ್ಕೆ ಪರಿಹಾರ ಬಹಳ ಸುಲಭ. ನಿಘಂಟಿನಲ್ಲಿ ಒಂದು ಕ್ರಿಯಾಪದದ ಮುಂದೆ ಅದರ ಎಲ್ಲ ಸೋದರ ರೂಪಗಳನ್ನೂ ಸಮಾನಾರ್ಥಕವೆಂದು ಬರೆದರೆ ಮುಗಿಯಿತು. ಒಂದೊಂದು ರೂಪಕ್ಕೆ ಒಂದು ಪದದಷ್ಟೇ ಖರ್ಚು. ಸೇರಿಸದೆ ಬಿಟ್ಟರೆ ಆ ದೋಷ ಯಂತ್ರದ್ದಲ್ಲ, ನಿಘಂಟು ಬರೆದವರದು.

ಕೃತಕ ಬುದ್ಧಿಮತ್ತೆ ಯಾವ ವಾಕ್ಯಕ್ಕಾದರೂ ಉತ್ತರ ಕೊಡುವ ಕಾಲದಲ್ಲಿ ಈ ಪುಟ್ಟ ನಿಘಂಟು ಏಕೆ ಎಂದು ಕೇಳಬಹುದು. ಪಠ್ಯಸಾಹಸದ ಲೋಕ ಒಬ್ಬ ಬರಹಗಾರ ಬರೆದ ಲೋಕ. ಅದರ ಪ್ರತಿ ಪದಕ್ಕೆ ಹೊಣೆ ಹೊರುವವರಿದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಯಂತ್ರದೊಡನೆ ಮಗು ಭಾಷೆ ಕಲಿಯುವುದು ಒಳ್ಳೆಯದೇ.

ಮಾಡಬಹುದಾದ ಕೆಲಸ

ಇವೆಲ್ಲದರಿಂದ ಕೊಲ್ಲಿಯ ಕನ್ನಡ ಸಂಘಟನೆಗಳು, ಬರಹಗಾರರು ಕೈಗೆತ್ತಿಕೊಳ್ಳಬಹುದಾದ ಕೆಲಸ ಸ್ಪಷ್ಟವಾಗಿದೆ.

ಮೊದಲನೆಯದು, ಸಂಗ್ರಹ. ಊರಿಗೆ ಹೊರಟವರ ಬಳಿ ಇರುವ ಫ್ಲಾಪಿ, ಸಿಡಿ, ಹಾರ್ಡ್‌ಡಿಸ್ಕುಗಳನ್ನು ಬಿಸಾಡುವ ಮುನ್ನ ಕೇಳಿ ಪಡೆಯಬೇಕು. ಸೆಖೆ, ತೇವ, ಧೂಳುಗಳಿಗೆ ಕಾಂತೀಯ ಡಿಸ್ಕುಗಳು ಬೇಗ ಸೋಲುತ್ತವೆ. ಹವಾನಿಯಂತ್ರಣವಿಲ್ಲದ ಗೋದಾಮಿನಲ್ಲಿ ಅವನ್ನು ಇಡಬಾರದು. ಹಳೆಯ ಆಟಗಳನ್ನು ಉಳಿಸುವವರು ಬಳಸುವ ಗ್ರೀಸ್‌ವೀಜಲ್‌ನಂತಹ ಚಿಕ್ಕ ಸಾಧನ ಫ್ಲಾಪಿಯ ಕಾಂತೀಯ ಗುರುತುಗಳನ್ನೇ ನೇರವಾಗಿ ಪ್ರತಿ ಮಾಡಿಕೊಳ್ಳಬಲ್ಲದು. ಕನ್ನಡದ ಫ್ಲಾಪಿಗೂ ಅದೇ ಸಾಕು.

ಎರಡನೆಯದು, ಪರಿವರ್ತನೆ. ನುಡಿ, ಬರಹಗಳ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ತರುವ ಮುಕ್ತ ತಂತ್ರಾಂಶಗಳಿವೆ. ಆದರೆ ಅದು ಅಕ್ಷರಕ್ಕೆ ಅಕ್ಷರ ಕೂರಿಸುವ ಕೆಲಸವಲ್ಲ. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಹಳೆಯ ಫಾಂಟಿನಲ್ಲೂ ಕೊನೆಗೇ ಇರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಉಚ್ಚಾರಣೆಯಂತೆ ಮಕಾರಕ್ಕೆ ಮೊದಲು ಬರಬೇಕು. ಯಂತ್ರ ತಿದ್ದಿದ್ದನ್ನು ಮನುಷ್ಯರು ಓದಿ ಕರಡು ತಿದ್ದಲೇಬೇಕು. ಮೂಲ ಕಡತವನ್ನೂ ಅಳಿಸಬಾರದು. ಮುಂದೊಂದು ದಿನ ಅನುಮಾನ ಬಂದಾಗ ನೋಡಲು ಅದೇ ಸಾಕ್ಷಿ. ವಚನ ಸಂಚಯದಲ್ಲಿ ವಚನಗಳು ಹುಡುಕಲು ಬರುವ ಯೂನಿಕೋಡ್ ಪಠ್ಯವಾಗಿ ದೊರೆಯುತ್ತಿರುವುದು ಇಂಥ ಸಾಮೂಹಿಕ ಶ್ರಮ ಫಲಿಸುತ್ತದೆ ಎಂಬುದಕ್ಕೆ ನಿದರ್ಶನ.

ಮೂರನೆಯದು, ಅನುಮತಿ. ಭಾರತದ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಇರುತ್ತದೆ. ಬರೆದವರು ಬದುಕಿರುವಾಗ ಒಂದು ಪುಟದ ಒಪ್ಪಿಗೆ ಪಡೆಯುವುದು ಸುಲಭ; ಆಮೇಲೆ ವಾರಸುದಾರರನ್ನು ಹುಡುಕಿ ಹೊರಡುವುದು ಕಷ್ಟ. ಒಪ್ಪಿಗೆ ಸಿಕ್ಕಿದ್ದನ್ನು ಕನ್ನಡ ವಿಕಿಸೋರ್ಸ್, ಇಂಟರ್‌ನೆಟ್ ಆರ್ಕೈವ್‌ನಂತಹ ಒಂದಕ್ಕಿಂತ ಹೆಚ್ಚು ಕಡೆ ಇಡಬೇಕು. ಕ್ರೌಥರ್ ಅವರ ಮೂಲ ಉಳಿದದ್ದು ಇನ್ನೊಬ್ಬರ ಬಳಿ ಪ್ರತಿ ಇದ್ದುದರಿಂದ.

ನಾಲ್ಕನೆಯದು, ಒಂದು ಆಟ. ಬರಹಗಾರರೂ ಪ್ರೋಗ್ರಾಮರುಗಳೂ ಕೂಡಿದ ಪುಟ್ಟ ತಂಡ ಸಾಕು. ಈ ದೇಶದ ಕನ್ನಡಿಗರಲ್ಲಿ ಎರಡೂ ಬಗೆಯವರಿದ್ದಾರೆ. ಅಬ್ರಾ ಕಟ್ಟೆಯಿಂದ ಹೊರಟು ಹಳೆಯ ಲಾಂಚು ಬಂದ ದಾರಿಯನ್ನು, ಮೊದಲ ತಲೆಮಾರಿನ ಕಾರ್ಮಿಕರ ಕೋಣೆಯನ್ನು, ಊರಿಗೆ ಬರೆದ ಪತ್ರವನ್ನು ಮಗು ಕನ್ನಡದ ಮಾತುಗಳಿಂದಲೇ ತೆರೆಯುತ್ತಾ ಹೋಗಲಿ. ಪರಿವರ್ತನೆಗೊಂಡ ಹಳೆಯ ಸ್ಮರಣ ಸಂಚಿಕೆಗಳೇ ಆ ಆಟಕ್ಕೆ ಆಕರವಾಗಬಲ್ಲವು.

ಹಳೆಯ ಪಠ್ಯಸಾಹಸಗಳು ಉಳಿದದ್ದು ಅವುಗಳ ಪುಣ್ಯದಿಂದಲ್ಲ. ಕತೆಯನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕದ ಜಾಣತನ, ಒಂದೇ ಒಡೆಯನಿಗೆ ಒಪ್ಪಿಸಿ ಸುಮ್ಮನಾಗದ ಜನ, ಪ್ರತಿ ತಲೆಮಾರಿನಲ್ಲೂ ಹೊಸ ದುಭಾಷಿಯನ್ನು ಬರೆದ ಶ್ರಮ ಇವು ಮೂರೂ ಕೂಡಿದ್ದರಿಂದ ಉಳಿದವು. ಈ ಮೂರರಲ್ಲಿ ಯಾವುದೂ ಕನ್ನಡಿಗರಿಗೆ ಅಸಾಧ್ಯವಲ್ಲ. ವೀಸಾ ಮುಗಿದಾಗ ಮನುಷ್ಯ ಹೊರಡಬೇಕಾಗಬಹುದು. ಅವನು ಇಲ್ಲಿ ಬರೆದ ಮಾತು ಹೊರಡಬೇಕಿಲ್ಲ.